ಕ್ರೇಪ್ ಹೂವು ಸರಿಬರದಿದ್ದರೆ: ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ಕ್ರೇಪ್ ಕಾಗದದ ಹೂವು ಸರಿಬರದಿದ್ದರೆ ಹೊಸಬರು ಮೊದಲು ದೂರುವುದು ತಮ್ಮ ಕೈಯನ್ನು. ‘ನನ್ನ ಕೈಗೆ ಇದು ಒಗ್ಗುವುದಿಲ್ಲ ಟೀಚರ್’ ಎಂದು ಕತ್ತರಿ ಕೆಳಗಿಟ್ಟುಬಿಡುತ್ತಾರೆ. ಮಂಗಳೂರಿನಲ್ಲಿ ಬೇಸಿಗೆ ಶಿಬಿರದ ಮಕ್ಕಳಿಗೂ, ಕ್ರಿಸ್ಮಸ್ ಗೋದಲಿಯ ಅಲಂಕಾರಕ್ಕೆ ಹೂವು ಕಲಿಯಲು ಬರುವ ಅಮ್ಮಂದಿರಿಗೂ ಹೇಳಿಕೊಡುತ್ತ ಬಂದವಳಾಗಿ ಕೈಯ ಪರವಾಗಿ ಸಾಕ್ಷಿ ನುಡಿಯುತ್ತೇನೆ. ತಪ್ಪು ಬಹುಪಾಲು ಕಾಗದದಲ್ಲಿ, ಅದರ ನಿರಿಗೆಯ ದಿಕ್ಕಿನಲ್ಲಿ ಅಥವಾ ನಮ್ಮ ಕರಾವಳಿಯ ಗಾಳಿಯಲ್ಲಿರುತ್ತದೆ. ಅಂಟು, ದಾರ, ತಂತಿಗಳ ಸರದಿ ಆಮೇಲೆ.

ದೋಷ ಹುಡುಕುವಾಗಲೂ ಈ ಕ್ರಮವನ್ನು ಬಿಡಬೇಡಿ. ಎಸಳು ಸೋತಿತೆಂದು ಮೊದಲು ಅಂಟು ಬದಲಿಸಿ, ಆಮೇಲೆ ತಂತಿ ಬದಲಿಸಿ, ಕೊನೆಗೆ ಕಾಗದದ ಹತ್ತಿರ ಬರುವಷ್ಟರಲ್ಲಿ ಒಂದು ಮಡಿಕೆ ಕಾಗದ ಮುಗಿದಿರುತ್ತದೆ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ ನೋಡಿ. ಕೆಟ್ಟ ಹೂವನ್ನು ಎಸೆಯದೆ ಪಕ್ಕದಲ್ಲಿಟ್ಟುಕೊಳ್ಳಿ. ಎಲ್ಲಿ ಕೆಟ್ಟಿದೆ ಎಂಬುದನ್ನು ಅದೇ ತೋರಿಸುತ್ತದೆ.

ಎಸಳು ಬಾಗುವುದಿಲ್ಲ, ಬಾಗಿಸಿದರೆ ಹರಿಯುತ್ತದೆ

ಈ ದೂರಿಗೆ ಮಾತ್ರ ಹೂವನ್ನು ನೋಡುವ ಮೊದಲೇ ಉತ್ತರ ಹೇಳಬಹುದು: ಎಸಳನ್ನು ಅಡ್ಡಡ್ಡ ಕತ್ತರಿಸಿದ್ದೀರಿ.

ಕ್ರೇಪ್ ತಯಾರಾಗುವ ರೀತಿಯಲ್ಲೇ ಇದರ ಮೂಲವಿದೆ. ತೇವದ ಹಾಳೆಯನ್ನು ದೊಡ್ಡ ಉರುಳೆಯ ಮೈಗೆ ಅಂಟಿಕೊಳ್ಳುವಂತೆ ಹಾಯಿಸಿ, ಒಂದು ಅಲಗಿನಿಂದ ಕೆರೆದು ಎಬ್ಬಿಸುತ್ತಾರೆ. ಅಲಗಿಗೆ ಬಂದು ಒತ್ತಿಕೊಂಡ ಹಾಳೆ ಸಣ್ಣ ಸಣ್ಣ ನಿರಿಗೆಗಳಾಗಿ ಮಡಿಚಿಕೊಳ್ಳುತ್ತದೆ. ಈ ನಿರಿಗೆಗಳು ಬಿಚ್ಚಿಕೊಂಡಾಗ ಕಾಗದ ಹಿಗ್ಗುತ್ತದೆ. ಹಾಗಾಗಿ ನಿರಿಗೆ ಓಡುವ ದಿಕ್ಕಿಗೆ ಎಷ್ಟು ಎಳೆದರೂ ಅದು ಬಗ್ಗದು, ಕೊನೆಗೆ ಹರಿಯುತ್ತದೆ. ಅದಕ್ಕೆ ಅಡ್ಡಲಾಗಿ ಎಳೆದರೆ ಮಾತ್ರ ಬಿಚ್ಚಿಕೊಂಡು ಬಟ್ಟಲಿನ ಆಕಾರ ತಾಳುತ್ತದೆ.

ಎಸಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ನಿರಿಗೆಯ ಗೆರೆಗಳು ಬುಡದಿಂದ ತುದಿಯವರೆಗೆ ನೆಟ್ಟಗೆ ನಿಂತಿರಬೇಕು. ಅವು ಅಡ್ಡ ಮಲಗಿದ್ದರೆ ಆ ಎಸಳಿಗೆ ಚಿಕಿತ್ಸೆಯಿಲ್ಲ. ಅದನ್ನು ಬದಿಗಿಟ್ಟು ಬೇರೆ ಕತ್ತರಿಸಿಕೊಳ್ಳಿ. ಕಾಗದ ಉಳಿಸುವ ಆಸೆಗೆ ಮೂಲೆಯ ತುಂಡುಗಳಲ್ಲಿ ಅಚ್ಚನ್ನು ತಿರುಗಿಸಿ ಇಡುವುದೇ ಸಾಮಾನ್ಯವಾಗಿ ಇದಕ್ಕೆ ಕಾರಣ. ರಟ್ಟಿನ ಅಚ್ಚಿನ ಮೇಲೆ ಪೆನ್ನಿನಿಂದ ಬುಡದಿಂದ ತುದಿಗೆ ಒಂದು ಬಾಣ ಬರೆದಿಟ್ಟುಕೊಂಡರೆ ಈ ತೊಂದರೆ ಮತ್ತೆ ತಲೆಹಾಕದು.

ಗೆರೆ ನೆಟ್ಟಗಿದ್ದೂ ಹರಿಯುತ್ತಿದ್ದರೆ ಹರಿದ ಜಾಗವನ್ನು ನೋಡಿ. ನಡುವೆ ತೂತು ಬಿದ್ದಿದ್ದರೆ ಹೆಬ್ಬೆರಳಿನ ಉಗುರು ತಾಗಿದೆ. ಬೆರಳಿನ ಮೆತ್ತನೆಯ ಭಾಗದಿಂದ ಒತ್ತಬೇಕು. ಅಂಚಿನಿಂದ ಒಳಕ್ಕೆ ಸೀಳಿದ್ದರೆ ಕತ್ತರಿ ಮೊಂಡಾಗಿದೆ. ಮೊಂಡು ಕತ್ತರಿ ಅಂಚಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕಚ್ಚು ಬಿಡುತ್ತದೆ, ಎಳೆದಾಗ ಅಲ್ಲಿಂದಲೇ ಸೀಳು ಹೊರಡುತ್ತದೆ. ಮಕ್ಕಳು ಶಾಲೆಯ ಚೀಲದಿಂದ ತೆಗೆಯುವ ಕತ್ತರಿಗಳಲ್ಲಿ ಹೆಚ್ಚಿನವು ಈ ಜಾತಿಯವು.

ಇನ್ನೂ ಒಂದು ಸಾಧ್ಯತೆ ಉಳಿಯುತ್ತದೆ: ಕಾಗದಕ್ಕೇ ಹಿಗ್ಗುವ ಗುಣ ಕಡಿಮೆ ಇರಬಹುದು. ಮಂಗಳೂರಿನ ಹಂಪನಕಟ್ಟೆಯ ಸುತ್ತಮುತ್ತಲ ಅಂಗಡಿಗಳಲ್ಲಾಗಲಿ, ಉಡುಪಿಯ ಪೇಟೆಯಲ್ಲಾಗಲಿ ‘ಕ್ರೇಪ್ ಪೇಪರ್’ ಎಂದು ಕೇಳಿದರೆ ಮಡಚಿದ ತೆಳು ಕಾಗದವನ್ನು ಕೊಡುತ್ತಾರೆ. ಅದು ತೋರಣಕ್ಕೆ, ಶಾಲೆಯ ವೇದಿಕೆಯ ಝಾಲರಿಗೆ ಹೇಳಿ ಮಾಡಿಸಿದ್ದು. ಹೂವಿಗೆ ಬೇಕಾದ ದಪ್ಪ ಕಾಗದ ಸುರುಳಿಯಲ್ಲಿ ಬರುತ್ತದೆ. 180 ಗ್ರಾಂ ಎಂದು ಮಾರುವ ಇಟಲಿಯ ಕ್ರೇಪ್ ತನ್ನ ಅಳತೆಯ ಎರಡು ಪಟ್ಟಿಗೂ ಮೀರಿ ಹಿಗ್ಗುತ್ತದೆ, ಬೆಲೆಯೂ ಅದಕ್ಕೆ ತಕ್ಕಂತೆ ಹಿಗ್ಗಿರುತ್ತದೆ. ಮನೆಯಲ್ಲಿರುವುದು ಯಾವ ಬಗೆಯದೆಂದು ತಿಳಿಯಲು ನಿರಿಗೆಗೆ ಅಡ್ಡಲಾಗಿ 10 ಸೆಂ.ಮೀ. ಉದ್ದದ ಪಟ್ಟಿ ಕತ್ತರಿಸಿ, ನಿಲ್ಲುವವರೆಗೂ ಮೆಲ್ಲಗೆ ಎಳೆದು ಅಳೆಯಿರಿ. 20 ಸೆಂ.ಮೀ. ದಾಟಿದರೆ ಗುಲಾಬಿ, ದಾಸವಾಳ ಯಾವುದಕ್ಕೂ ಕೈ ಹಾಕಬಹುದು. 15ರ ಒಳಗೆ ನಿಂತರೆ ಬಟ್ಟಲಿನಂಥ ಎಸಳಿನ ಆಸೆ ಬಿಟ್ಟು ಗೊಂಡೆ, ಸೇವಂತಿಗೆಯಂಥ ಕತ್ತರಿಸಿ ಸುತ್ತುವ ಹೂವುಗಳನ್ನು ಮಾಡಿ. ಅವುಗಳಿಗೆ ತೆಳು ಕಾಗದವೇ ಮೇಲು.

ನಿನ್ನೆ ಅರಳಿದ್ದು ಇವತ್ತು ಸೋತಿದೆ

ಕರಾವಳಿಯವರ ಮುಖ್ಯ ದೂರು ಇದೇ. ಹೊರ ಊರಿನವರು ಮಾಡಿದ ವಿಡಿಯೊ ನೋಡಿ ಕಲಿತವರಿಗೆ ಇದರ ಮದ್ದು ಅಲ್ಲಿ ಸಿಗದು, ಏಕೆಂದರೆ ಆ ಊರುಗಳಲ್ಲಿ ಈ ರೋಗವೇ ಇಲ್ಲ. ಸಂಜೆ ಮೇಜಿನ ಮೇಲೆ ಗಟ್ಟಿಯಾಗಿ ನಿಂತಿದ್ದ ಗುಲಾಬಿ ಬೆಳಗಾಗುವಾಗ, ಡಬ್ಬಿ ಮುಚ್ಚಲು ಮರೆತ ಹಪ್ಪಳದಂತೆ, ಮೆತ್ತಗಾಗಿ ಹೊರಕ್ಕೆ ಜೋಲುತ್ತಿರುತ್ತದೆ.

ಎಸಳು ಸೋಲಲು ಮೂರು ಕಾರಣಗಳಿರಬಹುದು. ಕಾಗದ ತೆಳುವಾಗಿರಬಹುದು, ಬಾಗಿಸುವಾಗ ಅತಿಯಾಗಿ ಎಳೆದಿರಬಹುದು, ಇಲ್ಲವೇ ಗಾಳಿಯ ತೇವ ಹೀರಿಕೊಂಡಿರಬಹುದು. ನೋಡಲು ಮೂರೂ ಒಂದೇ ತರಹ. ಇವುಗಳನ್ನು ಬೇರ್ಪಡಿಸಲು ಒಂದು ರಾತ್ರಿ ಸಾಕು. ಒಂದೇ ಹಾಳೆಯಿಂದ ಒಂದೇ ಅಳತೆಯ ಎರಡು ಎಸಳು ಕತ್ತರಿಸಿ, ಎರಡನ್ನೂ ಒಂದೇ ಹದಕ್ಕೆ ಬಾಗಿಸಿ. ಒಂದನ್ನು ಮೇಜಿನ ಮೇಲೆ ಬಿಡಿ, ಇನ್ನೊಂದನ್ನು ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಹೊಸ ಚಪ್ಪಲಿ, ಮಾತ್ರೆ ಡಬ್ಬಿಗಳಲ್ಲಿ ಬರುವ ಪೊಟ್ಟಣಗಳೇ ಆದೀತು, ಆದರೆ ಹಳೆಯವು ತೇವ ಕುಡಿದು ಹೊಟ್ಟೆ ತುಂಬಿಸಿಕೊಂಡಿರುತ್ತವೆ, ಹೊಸದನ್ನು ಹಾಕಿ. ಬೆಳಗ್ಗೆ ಡಬ್ಬಿಯದು ನಿಂತು ಮೇಜಿನದು ಸೋತಿದ್ದರೆ ತೇವ ಸಿಕ್ಕಿಬಿತ್ತು. ಎರಡೂ ಸೋತಿದ್ದರೆ ಗಾಳಿಯನ್ನು ಬೈಯಬೇಡಿ, ಕಾಗದವನ್ನೋ ಎಳೆತವನ್ನೋ ನೋಡಿ.

ಎಳೆತ ಹೆಚ್ಚಾದದ್ದನ್ನು ಬೆಳಕು ತೋರಿಸುತ್ತದೆ. ಎಸಳಿನ ನಡುಭಾಗದಲ್ಲಿ ನಿರಿಗೆ ಪೂರ್ತಿ ಅಳಿಸಿಹೋಗಿ ಕಾಗದ ನುಣ್ಣಗೆ ಕಂಡರೆ ಅಲ್ಲಿ ಬಲ ಉಳಿದಿಲ್ಲ. ಆಕಾರವನ್ನು ಹಿಡಿದು ನಿಲ್ಲಿಸುವುದು ಉಳಿದ ನಿರಿಗೆಯೇ. ಎರಡು ಹೆಬ್ಬೆರಳನ್ನು ನಡುವೆ ಇಟ್ಟು, ತೋರುಬೆರಳುಗಳನ್ನು ಹಿಂದೆ ಕೊಟ್ಟು, ಒಂದೇ ಸಲ ಎಳೆದು ಬಿಡಿ. ತಿರುಗಿ ತಿರುಗಿ ಒತ್ತುತ್ತ ಕೂರಬೇಡಿ. ಮೇಲಂಚಿನ ಹತ್ತಿರವೂ ಬುಡದ ಹತ್ತಿರವೂ ಸುಮಾರು ಒಂದು ಸೆಂ.ಮೀ. ಮುಟ್ಟದೆ ಬಿಟ್ಟರೆ ಬಟ್ಟಲಿಗೆ ದಡ ಸಿಗುತ್ತದೆ.

ಇನ್ನು ತೇವದ ಮಾತು. ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ. ಆಸುಪಾಸು ಮಳೆ ಬೀಳುತ್ತದೆ, ಅದರ ಸಿಂಹಪಾಲು ಜೂನ್‌ನಿಂದ ಸೆಪ್ಟೆಂಬರ್‌ನೊಳಗೆ. ಆಟಿ ತಿಂಗಳಲ್ಲಿ, ಅಂದರೆ ಜುಲೈ, ಆಗಸ್ಟ್ ಹೊತ್ತಿನ ಮಳೆಯಲ್ಲಿ, ಉಪ್ಪಿನ ಡಬ್ಬಿಯಲ್ಲೇ ನೀರು ನಿಲ್ಲುವಾಗ ಕಾಗದ ಗರಿಗರಿಯಾಗಿ ಉಳಿಯಲು ಸಾಧ್ಯವೇ? ಕಾಗದದ ನಾರು ತೇವ ಹೀರಿ ಮೆದುವಾಗುತ್ತದೆ, ಬಿಗಿಹಿಡಿದಿದ್ದ ಆಕಾರವನ್ನು ಬಿಟ್ಟುಕೊಡುತ್ತದೆ. ಮತ್ತೆ ಒಣಗಿಸಿದರೆ ಗರಿಗರಿ ಬಂದೀತು, ಹಳೆಯ ಆಕಾರ ಬಾರದು. ಸೋತ ಆಕಾರದಲ್ಲೇ ಒಣಗುತ್ತದೆ. ಆದ್ದರಿಂದ ಸೋತ ಹೂವನ್ನು ಬಿಸಿಲಿಗಿಟ್ಟು ಕಾಯುವುದು ವ್ಯರ್ಥ. ಒಣಗಿದ ಮೇಲೆ ಎಸಳು ಎಸಳನ್ನೂ ಮತ್ತೆ ಬಾಗಿಸಬೇಕು. ಅದಕ್ಕೂ ನಿರಿಗೆ ಉಳಿದಿದ್ದರೆ ಮಾತ್ರ.

ಮಳೆಗಾಲಕ್ಕೆ ನನ್ನ ಮದ್ದು ಜೋಡಿ ಪದರ. ಒಂದೇ ದಿಕ್ಕಿಗೆ ನಿರಿಗೆಯಿರುವ ಎರಡು ತುಂಡು ಕಾಗದ ತೆಗೆದುಕೊಂಡು, ಒಂದರ ಮೇಲೆ ಫೆವಿಕಾಲನ್ನು ನೀರು ಬೆರೆಸದೆ ಹಳೆಯ ಎಟಿಎಂ ಕಾರ್ಡಿನಿಂದ ತೆಳ್ಳಗೆ ಸವರಿ, ಇನ್ನೊಂದನ್ನು ಕೂರಿಸಿ ಅಂಗೈಯಿಂದ ಸವರಿಬಿಡಿ. ಪೂರ್ತಿ ಒಣಗುವ ಮೊದಲೇ, ಕೈಗೆ ತಣ್ಣಗೆ ಹತ್ತುತ್ತಿರುವಾಗಲೇ, ಎಸಳು ಕತ್ತರಿಸಿ ಬಾಗಿಸಿ, ಮೊಟ್ಟೆಯ ಟ್ರೇಯ ಗುಳಿಗಳಲ್ಲಿ ಒಂದೊಂದನ್ನು ಒಣಗಲು ಇಡಿ. ಅಂಟು ಆಕಾರದ ಜೊತೆಗೇ ಗಟ್ಟಿಯಾಗುತ್ತದೆ. ಒಳಗೊಂದು ಹೊರಗೊಂದು ಬಣ್ಣ ಬೇಕೆಂದರೆ ಅದೂ ಸಿಕ್ಕಿತು. ಗಾಢ ಬಣ್ಣಗಳಿಗೆ ಮಾತ್ರ ಫೆವಿಕಾಲ್ ಬದಲು ಅಂಟಿನ ಕಡ್ಡಿ ಉತ್ತಮ, ಅದರಲ್ಲಿ ನೀರಿನಂಶ ಕಡಿಮೆ. ಕೃಷ್ಣಮಠದ ಪೂಜೆಯ ಹೊಣೆ ಕೈ ಬದಲಾಯಿಸುವ, ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ಬರುವ ಪರ್ಯಾಯ ಉತ್ಸವದ ಹೊತ್ತಿಗೆ ಉಡುಪಿಯ ಗಾಳಿ ಒಣಗಿರುತ್ತದೆ, ಆಗ ಒಂಟಿ ಪದರವೂ ನಡೆದೀತು. ಕನ್ಯಾ ಮರಿಯಮ್ಮನ ಹುಟ್ಟುಹಬ್ಬವಾದ ಸೆಪ್ಟೆಂಬರ್ 8ರ ಮೊಂತಿ ಫೆಸ್ತ್‌ಗೆ, ಅಷ್ಟಮಿಯ ಮಂಟಪಕ್ಕೆ ಜೋಡಿ ಪದರವೇ ಗತಿ.

ಬಣ್ಣ ಬಿಡುತ್ತದೆ, ಬಣ್ಣ ಹೋಗುತ್ತದೆ

ಇವು ಎರಡು ಬೇರೆ ಬೇರೆ ಕಾಯಿಲೆಗಳು. ಒದ್ದೆ ತಾಗಿ ಬಣ್ಣ ಪಕ್ಕದ ಎಸಳಿಗೋ ಬೆರಳಿಗೋ ಇಳಿಯುವುದು ಒಂದು, ಬಿಸಿಲಿಗೆ ಬಣ್ಣ ಮಾಸುವುದು ಇನ್ನೊಂದು. ಒಂದರ ಮೇಲೊಂದು ಕೂತಿರುವ ಎಸಳುಗಳಲ್ಲಿ ಮೇಲಿನದನ್ನು ಎತ್ತಿ ನೋಡಿ. ಅಡಿಯಲ್ಲಿ ಮುಚ್ಚಿದ್ದ ಭಾಗ ಗಾಢವಾಗಿದ್ದು ಹೊರಗಿನದು ಬಿಳುಚಿದ್ದರೆ ಅದು ಬೆಳಕಿನ ಕೆಲಸ; ಹೂವನ್ನು ಕಿಟಕಿಯ ಪಕ್ಕದಿಂದ ಸರಿಸುವುದೊಂದೇ ನಿಜವಾದ ಪರಿಹಾರ. ಮ್ಯಾಟ್ ವಾರ್ನಿಷ್ ಸ್ಪ್ರೇ ಮಾಸುವುದನ್ನು ಸ್ವಲ್ಪ ನಿಧಾನಿಸಬಹುದು, ತಡೆಯಲಾರದು.

ಕಲೆ ಅಂಕುಡೊಂಕಾಗಿ ಹರಡಿ, ಅಂಚಿನಲ್ಲಿ ಗಾಢ ಗೆರೆ ಬಿಟ್ಟಿದ್ದರೆ ನೀರು ತಾಗಿದೆ. ಕ್ರೇಪಿನ ಬಣ್ಣ ನೀರಿಗೆ ಸುಲಭವಾಗಿ ಬಿಟ್ಟುಕೊಡುತ್ತದೆ, ಕೆಂಪು ಮತ್ತು ನೇರಳೆ ಎಲ್ಲಕ್ಕಿಂತ ಧಾರಾಳಿಗಳು. ಹೊಸ ಕಾಗದ ತಂದಾಗ ಒದ್ದೆ ಹತ್ತಿಯ ತುಂಡನ್ನು ಮೂಲೆಗೆ ಒತ್ತಿ ನೋಡುವುದು ಒಳ್ಳೆಯದು. ಹತ್ತಿ ಕೆಂಪಾದರೆ ಆ ಕಾಗದವನ್ನು ಬಿಳಿ ಮಲ್ಲಿಗೆಯ ಪಕ್ಕದಲ್ಲಿ ಕೂರಿಸಬೇಡಿ, ಒಂದೇ ಮೇಜಿನಲ್ಲೂ ಇಡಬೇಡಿ. ಬಿಳಿ, ತಿಳಿ ಹಳದಿ ಮೊದಲು ಮುಗಿಸಿ, ಕೆಂಪಿಗೆ ಕೊನೆಯಲ್ಲಿ ಬನ್ನಿ.

ನೀರು ಎಲ್ಲಿಂದ ಬಂತು? ಏಪ್ರಿಲ್, ಮೇ ತಿಂಗಳ ಸೆಕೆಗೆ ಬೆವರುವ ಬೆರಳುಗಳೇ ಮೊದಲ ಆರೋಪಿ. ಹತ್ತಿರದಲ್ಲೊಂದು ಒಣ ಬಟ್ಟೆ ಇರಲಿ. ಎರಡನೆಯದು ಬಾಟಲಿಯಿಂದ ನೇರ ಸುರಿದ ಅಂಟು. ಹಿಡಿಸೂಡಿಯಿಂದ ಒಂದು ಕಡ್ಡಿ ಮುರಿದು ತುದಿಗೆ ಹತ್ತಿದಷ್ಟೇ ಅಂಟು ತಾಗಿಸಿದರೆ ಸಾಕು. ಮೂರನೆಯದು ನಮ್ಮ ಊರಿನ ಹೆಂಗಸರ ಕೈಚಳಕವೇ ತಂದಿಡುವ ತೊಂದರೆ: ಶಂಕರಪುರದ ಮಲ್ಲಿಗೆಯನ್ನು ಬಾಳೆನಾರಿನಲ್ಲಿ ಕಟ್ಟಿ ಅಭ್ಯಾಸವಿದ್ದವರು ಕ್ರೇಪಿನ ಮೊಗ್ಗನ್ನೂ ಅದೇ ನೆನೆಸಿದ ನಾರಿನಲ್ಲಿ ಕಟ್ಟಿಬಿಡುತ್ತಾರೆ. ಕಟ್ಟುವ ವೇಗಕ್ಕೆ ತಲೆಬಾಗಬೇಕು, ಆದರೆ ಒದ್ದೆ ನಾರು ತಾಗಿದಲ್ಲೆಲ್ಲ ಹಸಿರು ತೊಟ್ಟು ಬಿಳಿ ಮೊಗ್ಗಿಗೆ ಬಣ್ಣ ಬಿಟ್ಟಿರುತ್ತದೆ. ಇಲ್ಲಿ ಒಣ ಹತ್ತಿ ದಾರವೇ ಸರಿ.

ಮಕ್ಕಳ ನೃತ್ಯಕ್ಕೆ ಮುಡಿಸಿದ ಹೂವು ಕುಪ್ಪಸದ ಕುತ್ತಿಗೆಗೆ ಬಣ್ಣ ಬಿಟ್ಟಿತೆಂದು ಅಮ್ಮಂದಿರು ದೂರುವುದುಂಟು. ಅಲ್ಲಿ ಬೆವರಿನ ಜೊತೆ ತೆಂಗಿನೆಣ್ಣೆಯೂ ಸೇರಿರುತ್ತದೆ. ಬೆವರು ಬಣ್ಣ ಬಿಡಿಸುತ್ತದೆ, ಎಣ್ಣೆ ಕಾಗದವನ್ನು ಪಾರದರ್ಶಕ ಮಾಡುತ್ತದೆ. ಹೂವಿನ ಹಿಂಬದಿಗೆ ಬಟ್ಟೆಯ ಒಂದು ಬಿಲ್ಲೆ ಅಂಟಿಸಿ ಕ್ಲಿಪ್ಪಿಗೆ ಕೂರಿಸಿದರೆ ಕೂದಲಿಗೆ ಕಾಗದ ತಾಗುವುದಿಲ್ಲ. ಎಣ್ಣೆ ಹಿಡಿದ ಹೂವನ್ನು ಯಾರೂ ಸರಿ ಮಾಡಲಾರರು.

ಹೂವು ತಂತಿಯ ಮೇಲೆ ಗಿರಕಿ ಹೊಡೆಯುತ್ತದೆ, ಎಸಳು ಕಳಚುತ್ತದೆ

ತೊಟ್ಟನ್ನು ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಹಿಡಿದು ಹೊರಳಿಸಿ. ತೊಟ್ಟು ತಿರುಗಿ ಹೂವು ಹಿಂದುಳಿದರೆ ಒಳಗಿನ ಕಟ್ಟು ಸಡಿಲ. ಹೂವು ಜೊತೆಗೇ ತಿರುಗಿ, ಆದರೆ ತಲೆ ಬಾಗಿಸಿಕೊಂಡರೆ ತಂತಿ ತೆಳು. ತಂತಿಯ ಗೇಜ್ ಸಂಖ್ಯೆ ಹೆಚ್ಚಿದಷ್ಟೂ ತಂತಿ ತೆಳುವಾಗುತ್ತದೆ, ಇದು ಹಲವರಿಗೆ ತಲೆಕೆಳಗಾಗಿ ತೋರುತ್ತದೆ. ಗುಲಾಬಿ, ದಾಸವಾಳಗಳ ತೊಟ್ಟಿಗೆ 18 ಗೇಜ್, ಎಲೆ ಮತ್ತು ಮೊಗ್ಗಿಗೆ 24 ಅಥವಾ 26. ಮನೆಯಲ್ಲಿ ತೆಳು ತಂತಿ ಮಾತ್ರ ಇದ್ದರೆ ಎರಡೋ ಮೂರೋ ಎಳೆಯನ್ನು ಹೊಸೆದು ಬಳಸಿ.

ಗಿರಕಿಗೆ ಮದ್ದು ತಂತಿಯ ತುದಿಯಲ್ಲಿದೆ. ತುದಿಯನ್ನು ಕೊಕ್ಕೆಯಾಗಿ ಬಗ್ಗಿಸಿ, ಹೂವಿನ ನಡುಭಾಗ ಅದಕ್ಕೆ ಸಿಕ್ಕಿಕೊಳ್ಳುವಂತೆ ಒತ್ತಿ ಅಂಟಿಸಬೇಕು. ನೇರ ತಂತಿಯನ್ನು ಹಾಗೆಯೇ ಚುಚ್ಚಿದರೆ ಎಷ್ಟು ಅಂಟು ಹಾಕಿದರೂ ಒಂದು ದಿನ ಕಳಚಿ ಬರುತ್ತದೆ. ಎಸಳುಗಳ ಬುಡವನ್ನು ಸಣ್ಣಗೆ ನೆರಿಗೆ ಹಿಡಿದು ಇಟ್ಟು, ಎರಡು ಮೂರು ಎಸಳಿಗೊಮ್ಮೆ ದಾರದಿಂದ ಬಿಗಿಯಾಗಿ ಸುತ್ತುತ್ತ ಹೋಗಿ. ಸುತ್ತುಗಳೆಲ್ಲ ಒಂದೇ ಜಾಗದಲ್ಲಿ ಬೀಳಲಿ. ದಾರ ಕೆಳಕೆಳಗೆ ಇಳಿದರೆ ಹೂವಿನ ಬುಡ ಬಾಟಲಿಯ ಕುತ್ತಿಗೆಯಂತೆ ಉದ್ದವಾಗುತ್ತದೆ, ಎಸಳೂ ಒಂದೊಂದಾಗಿ ಜಾರುತ್ತದೆ.

ದಾರ ಸರಿಯಿದ್ದೂ ಹಸಿರು ಟೇಪ್ ಬಿಚ್ಚಿಕೊಳ್ಳುತ್ತಿದ್ದರೆ ಅದನ್ನು ಎಳೆಯದೆ ಸುತ್ತಿದ್ದೀರಿ. ಫ್ಲೋರಲ್ ಟೇಪಿನಲ್ಲಿ ಅಂಟು ಎಂಬುದು ಮೇಲ್ಮೈಯಲ್ಲಿ ಇರುವುದಿಲ್ಲ. ಅದು ಮೇಣ ಹಿಡಿಸಿದ ಕ್ರೇಪ್ ಪಟ್ಟಿ; ಎಳೆದಾಗ ಮಾತ್ರ ಒಳಗಿನ ಮೇಣ ಹೊರಬಂದು ತನಗೆ ತಾನೇ ಹತ್ತಿಕೊಳ್ಳುತ್ತದೆ. ಒಂದು ಕೈಯಲ್ಲಿ ತೊಟ್ಟನ್ನು ತಿರುಗಿಸುತ್ತ, ಇನ್ನೊಂದರಲ್ಲಿ ಟೇಪನ್ನು ಕೆಳಕ್ಕೆ ಓರೆಯಾಗಿ ಎಳೆದು ಹಿಡಿದಿರಬೇಕು. ಎಳೆದರೂ ಹತ್ತದಿದ್ದರೆ ಟೇಪ್ ಹಳತಾಗಿದೆ. ಎರಡು ಇಂಚು ತುಂಡನ್ನು ಎಳೆದು ಮಡಚಿ ಒತ್ತಿ ನೋಡಿದರೆ ಗೊತ್ತಾಗುತ್ತದೆ. ಟೇಪೇ ಸಿಗದಿದ್ದರೆ ಹಸಿರು ಕ್ರೇಪನ್ನು ನಿರಿಗೆಗೆ ಅಡ್ಡಲಾಗಿ ಸಪೂರ ಪಟ್ಟಿ ಕತ್ತರಿಸಿ, ಅಂಟು ತಾಗಿಸಿ ಸುತ್ತಬಹುದು.

ಗ್ಲೂ ಗನ್ನಿನ ನೂಲು

ಫ್ಯಾನಿನ ಕೆಳಗೆ ಕೂತು ಗ್ಲೂ ಗನ್ ಹಿಡಿದರೆ ಅಂಟು ಕಾಗದ ಮುಟ್ಟುವ ಮೊದಲೇ ಆರಿ, ಜೇಡರ ಬಲೆಯ ಹಾಗೆ ನೂಲು ಬಿಡುತ್ತದೆ. ಫ್ಯಾನ್ ನಿಲ್ಲಿಸಿ, ಹಚ್ಚಿದ ಕೂಡಲೇ ಮೂತಿಯನ್ನು ಸಣ್ಣಗೆ ಸುತ್ತಿಸಿ ಎತ್ತಿ. ಉಳಿದ ನೂಲಿಗೆ ಹೇರ್ ಡ್ರೈಯರ್ ಹಿಡಿದರೆ ಕರಗಿ ಮಾಯವಾಗುತ್ತದೆ. ಹೊಸಬರಿಗೆ ನಾನು ಗ್ಲೂ ಗನ್ ಕೊಡುವುದಿಲ್ಲ. ಬೆರಳು ಸುಡುವುದು ಒಂದು ಕಾರಣ, ತಪ್ಪಾಗಿ ಅಂಟಿಸಿದ ಎಸಳನ್ನು ಕಾಗದ ಕೆಡದೆ ಬಿಡಿಸಲಾಗದು ಎಂಬುದು ಇನ್ನೊಂದು.

ಕಂದು ಚುಕ್ಕಿ, ಕಡಿದ ಅಂಚು

ಚುಕ್ಕಿಗಳು ತೊಟ್ಟಿನ ಉದ್ದಕ್ಕೆ ಅಥವಾ ಎಲೆಯ ನಡುಗೆರೆಯ ಮೇಲೆ ಸಾಲಾಗಿದ್ದರೆ ಒಳಗಿನ ತಂತಿ ತುಕ್ಕು ಹಿಡಿದಿದೆ. ಹಾರ್ಡ್‌ವೇರ್ ಅಂಗಡಿಯ ಕಪ್ಪು ಬೈಂಡಿಂಗ್ ತಂತಿ ಅಗ್ಗ ಹೌದು, ಆದರೆ ಸಮುದ್ರದ ಗಾಳಿಗೆ ಒಂದು ಮಳೆಗಾಲವೂ ತಾಳದು. ಸತು ಲೇಪಿಸಿದ ಜಿಐ ತಂತಿ ಕೇಳಿ. ಚುಕ್ಕಿಗಳು ಎಲ್ಲೆಂದರಲ್ಲಿ ಚೆದುರಿ, ಮುಗ್ಗಲು ವಾಸನೆ ಬಂದರೆ ಅದು ಬೂಷ್ಟು. ಅಂಥ ಹೂವನ್ನು ಉಳಿದವುಗಳಿಂದ ತಕ್ಷಣ ಬೇರ್ಪಡಿಸಿ. ಒಣಗಿಸಿ ಬ್ರಷ್ಷಿನಿಂದ ಕೆಡವಿದರೆ ಬೂಷ್ಟು ಹೋದೀತು, ಕಲೆ ಹೋಗದು.

ಎಸಳಿನ ಅಂಚು ಅಥವಾ ಅಂಟಿಸಿದ ಬುಡ ಕೆರೆದಂತೆ ತಿಂದಿದ್ದರೆ ಜಿರಳೆ ಅಥವಾ ಬೆಳ್ಳಿಹುಳ ಬಂದು ಹೋಗಿದೆ. ಅವು ಬರುವುದು ಹೆಚ್ಚಾಗಿ ಅಂಟಿಗಾಗಿ. ಹಿಂದೆ ಮೈದಾ ಅಂಟು ಕುದಿಸುವಾಗ ಹುಳ ಬಾರದಿರಲು ಚಿಟಿಕೆ ಮೈಲುತುತ್ತ ಹಾಕುತ್ತಿದ್ದರು. ಅಡಿಕೆ ತೋಟದವರ ಮನೆಯಲ್ಲಿ ಅದು ಸುಲಭವಾಗಿ ಸಿಗುತ್ತದೆ, ಆದರೆ ಅದು ವಿಷ. ಮಕ್ಕಳು ಕೆಲಸ ಮಾಡುವ ಜಾಗಕ್ಕೆ ಬೇಡ. ಮೈದಾ ಅಂಟನ್ನೇ ಬಿಟ್ಟುಬಿಡುವುದು ಸುಲಭ.

ಎಲ್ಲವೂ ಸರಿಯಿದೆ, ಹೂವಿನ ಹಾಗೆ ಮಾತ್ರ ಕಾಣುವುದಿಲ್ಲ

ಗುಲಾಬಿ ಎಲೆಕೋಸಿನಂತೆ, ದಾಸವಾಳ ಫ್ಯಾನಿನಂತೆ ಕಂಡರೆ ಕಾಗದ, ಅಂಟುಗಳನ್ನು ಬಿಟ್ಟು ಅಂಗಳಕ್ಕೆ ಹೋಗಿ. ನಿಜವಾದ ಹೂವೊಂದನ್ನು ಕೊಯ್ದು ತಂದು ಎಸಳು ಎಸಳಾಗಿ ಬಿಡಿಸಿ ಮೇಜಿನ ಮೇಲೆ ಸಾಲಾಗಿಡಿ. ದಾಸವಾಳದ ಐದು ಎಸಳುಗಳು ಅಕ್ಕಪಕ್ಕ ನಿಂತಿರುವುದಿಲ್ಲ, ಪ್ರತಿಯೊಂದರ ಒಂದು ಅಂಚು ಪಕ್ಕದ್ದರ ಮೇಲೂ ಇನ್ನೊಂದು ಅಂಚು ಮತ್ತೊಂದರ ಅಡಿಗೂ ಹೋಗಿರುತ್ತದೆ. ನಡುವಿನ ಕೇಸರದ ದಂಡ ಹೂವಿನಿಂದ ಆಚೆಗೆ ಚಾಚಿ, ತುದಿಯಲ್ಲಿ ಐದು ಕವಲಾಗಿರುತ್ತದೆ. ಹೊಸಬರ ದಾಸವಾಳದಲ್ಲಿ ಈ ದಂಡ ಯಾವಾಗಲೂ ಗಿಡ್ಡ. ಅದನ್ನು ಉದ್ದ ಮಾಡಿ ಎಸಳುಗಳನ್ನು ಒಂದರ ಮೇಲೊಂದು ಹಾಯಿಸಿದರೆ, ಬೇರೇನೂ ಬದಲಿಸದೆ ಹೂವು ಗುರುತು ಸಿಗುತ್ತದೆ.

ಕೇಪುಳದ (ಇಕ್ಸೋರಾ) ಒಂದೊಂದು ಹೂವಿಗೂ ನಾಲ್ಕೇ ಎಸಳು. ಐದು ಮಾಡಿದರೆ ಏನೋ ತಪ್ಪಿದೆ ಎಂದು ಊರಿನ ಯಾರ ಕಣ್ಣಿಗಾದರೂ ಹೊಳೆದುಬಿಡುತ್ತದೆ, ಏನೆಂದು ಹೇಳಲು ಬಾರದಿದ್ದರೂ. ಗುಲಾಬಿಯಲ್ಲಿ ಎಲ್ಲ ಎಸಳುಗಳಿಗೂ ಒಂದೇ ಅಚ್ಚು ಬಳಸುವುದರಿಂದ ಎಲೆಕೋಸು ಹುಟ್ಟುತ್ತದೆ. ಕನಿಷ್ಠ ಮೂರು ಅಳತೆಯ ಅಚ್ಚು ಇರಲಿ. ನಡುವಿನ ಸಣ್ಣ ಎಸಳುಗಳನ್ನು ಮೊಗ್ಗಿನಂತೆ ಬಿಗಿಯಾಗಿ ಸುತ್ತಿ, ಹೊರಗಿನವುಗಳ ಅಂಚನ್ನು ಹೆಣಿಗೆಯ ಕಡ್ಡಿಗೆ ಸುತ್ತಿ ಹಿಂದಕ್ಕೆ ಮಗುಚಿ. ಹೊರಗಿನ ಎಸಳಿನ ಬಟ್ಟಲು ಒಳಮುಖವಾಗಿಯೂ ಅಂಚು ಹೊರಮುಖವಾಗಿಯೂ ಇರಬೇಕು.

ಯಾವುದನ್ನು ಉಳಿಸಬಹುದು

ಧೂಳು ಹಿಡಿದದ್ದನ್ನು ಒಣ ಮೆದು ಬ್ರಷ್ಷಿನಿಂದಲೋ ಹೇರ್ ಡ್ರೈಯರಿನ ತಣ್ಣನೆಯ ಗಾಳಿಯಿಂದಲೋ ಸರಿಮಾಡಬಹುದು. ಒದ್ದೆ ಬಟ್ಟೆ ಮುಟ್ಟಿಸಬೇಡಿ. ಗಿರಕಿ ಹೊಡೆಯುವ ಹೂವಿಗೆ ಟೇಪ್ ಬಿಚ್ಚಿ ಹೊಸ ದಾರದ ಕಟ್ಟು ಹಾಕಬಹುದು. ಒಂದೆರಡು ಎಸಳು ಸೋತ ಗುಲಾಬಿಗೆ ಹೊರಸುತ್ತನ್ನು ಮಾತ್ರ ಬದಲಿಸಿದರೆ ಸಾಕು. ಬಣ್ಣ ಇಳಿದ, ಎಣ್ಣೆ ಕುಡಿದ, ಬೂಷ್ಟು ಬಂದ ಹೂವುಗಳ ಮೇಲೆ ಸಮಯ ಸುರಿಯಬೇಡಿ. ಕಟ್ಟು ಬಿಚ್ಚಿ, ತುಕ್ಕು ಹಿಡಿಯದ ತಂತಿಯನ್ನು ನೆಟ್ಟಗೆ ಮಾಡಿ ಎತ್ತಿಡಿ. 18 ಗೇಜಿನದು ಮುಂದಿನ ಹೂವಿಗೂ ಆಗುತ್ತದೆ. ಉಳಿದ ಕಾಗದ ಒಲೆಗೆ.